ಖಾಲಿ ತೊಟ್ಟಿಲ ಲೆಕ್ಕ

ಕಾಲು — ಅದು ಕಾಲೇ, ನನ್ನ ಹೆಬ್ಬೆರಳಿನಷ್ಟು ಉದ್ದದ್ದು, ಬಿಸಿಲಲ್ಲಿ ಶೇಂಗಾ ಸುಲಿಯುತ್ತಿರುವ ಅಜ್ಜಿಯ ಎದೆಗೆ ಬಿಗಿದ ಚಿತೆಂಜೆ ಬಟ್ಟೆಯಿಂದ ಇಣುಕಿತು, ಐದು ಬೆರಳು ಬಿಚ್ಚಿತು, ಒಳಗೆ ಹೋಯಿತು, ಅಯ್ಯೋ ನನ್ನ ಬುದ್ಧಿಗಿಷ್ಟು, ಆಸ್ಪತ್ರೆಯ ಖರ್ಚು ತಪಾಸಣೆಗೆ ಬಂದು ಮೂರು ದಿನದಿಂದ ಈ ವರಾಂಡದಲ್ಲಿ ಓಡಾಡುತ್ತಿದ್ದೇನೆ, ಈ ಹೆಂಗಸರೆಲ್ಲ ರೋಗಿಗಳಿಗೆ ಬೇಯಿಸಿಹಾಕಲು ಬಂದ ನೆಂಟರೆಂದುಕೊಂಡು ದಾಟಿ ಹೋಗಿದ್ದೇನೆ, ಮಲಾವಿಯ ಯಾವ ಆಸ್ಪತ್ರೆಯಲ್ಲಿ ನೆಂಟರಿಲ್ಲ, ಕೋಣೆಯೊಳಗೆ ತಲೆ ಹಾಕಿ ಬರೆದುಕೊಂಡೆ, ತೊಟ್ಟಿಲು ಆರು, ಶಿಶು ಸೊನ್ನೆ, ದಾದಿಯರು ಇಬ್ಬರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಈ ಕೋಣೆ ದಂಡದ ಖರ್ಚು, ಮುಚ್ಚಬಹುದು — ಎಷ್ಟು ಅಂದವಾಗಿ ಬರೆದಿದ್ದೆ ಆ ವಾಕ್ಯ, ಹನ್ನೆರಡಕ್ಕೆ ವರದಿ ಲಿಲಾಂಗ್ವೆಯ ಕಚೇರಿಗೆ ಕಳಿಸಬೇಕು, ಈಗಲೇ ಹನ್ನೊಂದೂವರೆ, ಅಜ್ಜಿ, ಇದು ಮಗೂನಾ, ಅಲ್ಲ ತಾಯಿ, ಕುಂಬಳಕಾಯಿ, ಹೊಟ್ಟೆನೋವಂತೆ, ಡಾಕ್ಟ್ರಿಗೆ ತೋರಿಸೋಣ ಅಂತ ತಂದೆ, ವರಾಂಡವೆಲ್ಲ ನಗುತ್ತದೆ, ದಾದಿ ಮ್ಹಾಂಗೊ ಬಾಗಿಲಿಗೊರಗಿ ಕಣ್ಣೊರೆಸಿಕೊಳ್ಳುತ್ತಾಳೆ, ತೊಟ್ಟಿಲು ತಣ್ಣಗಿರುತ್ತೆ ಮೇಡಂ, ಎದೆ ಬೆಚ್ಚಗಿರುತ್ತೆ, ಮಕ್ಕಳೆಲ್ಲಿ ಅಂತ ನೀವು ಕೇಳಲೇ ಇಲ್ವಲ್ಲ, ಹೌದು, ಕೇಳಲಿಲ್ಲ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ಹುಡುಕಿಯಾದರೂ ಹುಡುಕಿದಳು, ನಾನು ಅದನ್ನೂ ಮಾಡಲಿಲ್ಲ, ಎಣಿಸು ಥೋಕೊ, ಈಗಲಾದರೂ ಎಣಿಸು, ನೀಲಿ ಬಟ್ಟೆಯಲ್ಲೊಂದು, ಹಳದಿಯಲ್ಲಿ ಅವಳಿ, ಕಂಬದ ಹಿಂದಿನವಳು ಬಟ್ಟೆಯಂಚು ಎತ್ತಿ ತೋರಿಸುತ್ತಾಳೆ, ಮಾವಿನಹಣ್ಣಿನಷ್ಟು ತಲೆ, ಒಂಬತ್ತು, ಹತ್ತು, ಹದಿನಾಲ್ಕು, ಎದೆಯ ಬಿಸಿಗೆ ಕರೆಂಟೂ ಬೇಡ, ಅದೇ ಖರ್ಚನ್ನು ಹದಿನಾಲ್ಕಕ್ಕೆ ಹಂಚಿದರೆ ಇಡೀ ಜಿಲ್ಲೆಯಲ್ಲೇ ಅಗ್ಗದ ಕೋಣೆ, ಆ ಅಂದದ ವಾಕ್ಯವನ್ನು ಅಳಿಸಿಹಾಕಿದೆ, ಅಮ್ಮ ಹೇಳುತ್ತಿದ್ದಳು, ಸಕ್ಕರೆ ಪೊಟ್ಟಣದಷ್ಟಿದ್ದೆ ಕಣೇ ನೀನು, ಎದೆಗೆ ಕಟ್ಕೊಂಡು ಎರಡು ತಿಂಗಳು ಕೂತ್ಕೊಂಡೇ ನಿದ್ದೆ ಮಾಡಿದೆ, ಆಗ ಯಾರಾದರೂ ಬಂದು ತೊಟ್ಟಿಲು ಎಣಿಸಿದ್ದರೆ ನಾನೂ ಸೊನ್ನೆ, ಏ ತಾಯಿ, ಏನು ಕಣ್ಣೀರು ಹಾಕ್ತೀಯ, ಹಿಡ್ಕೋ ಇವನ್ನ, ಇವನ ಅಮ್ಮ ಸ್ನಾನಕ್ಕೆ ಹೋಗಿದಾಳೆ, ನಾನು ಒಲೆ ಹಚ್ಬೇಕು, ಬರೀ ಕೈಗೇ ಕೆಲಸ ಕೊಡ್ತೀಯಲ್ಲ, ಎದೆಗೂ ಒಂಚೂರು ಕೊಡು, ಅಜ್ಜಿ ನನ್ನ ಬೆನ್ನ ಹಿಂದೆ ಗಂಟು ಬಿಗಿಯುತ್ತಾಳೆ, ಭಾರವೇ ಇಲ್ಲ, ಬಿಸಿ ಮಾತ್ರ, ಫೋನು ಬಡಿದುಕೊಳ್ಳುತ್ತದೆ, ಲಿಲಾಂಗ್ವೆಯ ಸಾಹೇಬರು, ಥೋಕೊ, ಆ ಕೋಣೇಲಿ ಶಿಶು ಎಷ್ಟು, ಬೆಳಿಗ್ಗೆ ಸೊನ್ನೆ ಅಂದಿದ್ರಲ್ಲ, ಹದಿನಾಲ್ಕು ಸಾರ್, ಒಂದು ನನ್ನ ಹತ್ರಾನೇ ಇದೆ, ಏನಂದ್ರಿ, ಇನ್ನೊಂದ್ಸಲ ಹೇಳಿ, ಹೇಳುತ್ತೇನೆ, ಇರಿ, ಬಟ್ಟೆಯಂಚು ಸರಿಯುತ್ತಿದೆ, ಕಾಲು, ನನ್ನ ಹೆಬ್ಬೆರಳಿನಷ್ಟು, ಐದು ಬೆರಳು —