ಗಾಳಿಯಾಡದ ಹಜಾರದಲ್ಲಿ ಒಂದೇ ಫ್ಯಾನು

ಸಾಲುಗಳು ಓಡುತ್ತಿವೆ, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು, ಕಣ್ಣು ಹಿಡಿಯುವಷ್ಟರಲ್ಲಿ ಮೇಲೆ ಹೋಗಿ ಮರೆಯಾಗುತ್ತವೆ, ಓದಬೇಕಾಗಿಲ್ಲ, ಓಡುತ್ತಿದ್ದರೆ ಸಾಕು — ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು, ಈಗ ಹನ್ನೊಂದು ಹತ್ತು, ಐದು ಗಂಟೆ ಹತ್ತು ನಿಮಿಷ, ಈ ವಾರ ಇಷ್ಟು ದೂರ ಒಮ್ಮೆಯೂ ಬಂದಿರಲಿಲ್ಲ, ಮಂಗಳವಾರ ಎರಡು ಗಂಟೆ ಓಡಿ ಬಿದ್ದಿತು, ಬುಧವಾರ ಮೂರೂವರೆ ಗಂಟೆ, ನಿನ್ನೆ ಒಂದೇ ಗಂಟೆ, ಎಲ್ಲವೂ ನೋಟ್‌ಬುಕ್ಕಿನಲ್ಲಿದೆ, ಎಡಗಡೆ ನಾನು ಕೊಟ್ಟ ಆಜ್ಞೆ, ಬಲಗಡೆ ಅದು ಕೊಟ್ಟ ಉತ್ತರ, ಎಂಎಸ್ಸಿ ಲ್ಯಾಬಿನಲ್ಲಿ ಬರೆಯುತ್ತಿದ್ದ ಹಾಗೆಯೇ, ತಾಹೇರಾ ನಿನ್ನ ರೆಕಾರ್ಡು ಪ್ರಯೋಗಕ್ಕಿಂತ ಚೆನ್ನಾಗಿದೆಯಲ್ಲಮ್ಮ ಅನ್ನುತ್ತಿದ್ದರು ಮೇಡಂ, ಆದರೆ ಲ್ಯಾಬಿನಲ್ಲಿ ಅಂಗೈ ಹೀಗೆ ಬೆವರುತ್ತಿರಲಿಲ್ಲ, ಬೆವರಿಗೆ ಅರ್ಧ ಕಾರಣ ಈ ಹಜಾರ, ಹದಿನಾಲ್ಕು ಬೇಸಿನ್, ಹದಿನಾಲ್ಕು ಹೆಂಗಸರು, ಬಿಸಿನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳು, ಬೆಂದ ಹುಳುವಿನ ವಾಸನೆ, ಅದು ಹೊರಗಿನವರಿಗೆ ಮಾತ್ರ ವಾಸನೆ, ಕಿಟಕಿಗಳೆಲ್ಲ ಮುಚ್ಚಿವೆ, ಛಾವಣಿಯಲ್ಲಿ ಫ್ಯಾನಿನ ಕೊಕ್ಕೆಯೂ ಇಲ್ಲ, ಗಾಳಿ ಆಡಿದರೆ ಎಳೆ ಕಡಿಯುತ್ತದೆ, ರಾಮನಗರದಲ್ಲಿ ನೂಲು ತೆಗೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಮೇ ತಿಂಗಳಲ್ಲೂ ಬಾಗಿಲು ತೆರೆದಿಟ್ಟವಳಿಗೆ ಅಮ್ಮಿಯಿಂದ ಬೈಗುಳ — ಓಡು, ಓಡು, ಹೊಸ ಕಂಪೈಲರಿಗೆ ಇನ್ನು ಮೂರನೆಯ ಹಂತ ಮಾತ್ರ ಬಾಕಿ.

ಈ ಕಂಪ್ಯೂಟರಿಗೆ ಹದಿಮೂರು ವರ್ಷ, ಅದರೊಳಗಿನ ಲಿನಕ್ಸಿಗೆ ಇನ್ನೂ ಹೆಚ್ಚು, ಮುಚ್ಚಿಹೋದ ಯಾವುದೋ ಮಿಲ್ಲಿನಿಂದ ಅಬ್ಬಾ ತಂದದ್ದು, ಅದರ ಜೊತೆ ಬಂದದ್ದು ಕಣ್ಣು, ಅಬ್ಬಾ ಅದನ್ನು ಕಣ್ಣು ಎಂದೇ ಕರೆಯುತ್ತಿದ್ದರು, ಹೆಬ್ಬೆರಳಿನಷ್ಟು ದೊಡ್ಡ ಸಂವೇದಕ, ಓಡುವ ಎಳೆಯ ದಪ್ಪವನ್ನು ಸೆಕೆಂಡಿಗೆ ಹತ್ತು ಸಲ ಅಳೆಯುತ್ತದೆ, ಅದರ ಮಾತು ಅರ್ಥವಾಗುವ ಡ್ರೈವರ್ ಈ ಹಳೆಯ ಲಿನಕ್ಸಿಗೆ ಮಾತ್ರ ಬರೆದದ್ದು, ಬರೆದ ಕಂಪನಿ ಈಗಿಲ್ಲ, ಬರೆದ ಮೂಲ ಸಾಲುಗಳೂ ಇಲ್ಲ, ಹೊಸ ಲಿನಕ್ಸ್ ಹಾಕಿದ ದಿನವೇ ಕಣ್ಣು ಕುರುಡು, ಇತ್ತ ನಮ್ಮ ನೂಲು ಕೊಳ್ಳುವ, ಸೀರೆ ನೇಯುವ ಸಂಘದವರು ಕಳಿಸಿದ ಪ್ರೋಗ್ರಾಮು, ಎಳೆಯ ದಪ್ಪವನ್ನು ಗ್ರಾಫಾಗಿ ತೋರಿಸುವಂಥದ್ದು, ಈ ವರ್ಷದ್ದು, ಅದಕ್ಕೆ ಪೈಥಾನ್ ಭಾಷೆಯ ಹೊಸ ಆವೃತ್ತಿ ಬೇಕು, ಹೊಸ ಪೈಥಾನಿಗೆ ಹೊಸ ಭದ್ರತಾ ಲೈಬ್ರರಿ ಬೇಕು, ಅವೆರಡನ್ನೂ ಕಟ್ಟಲು, ಮನುಷ್ಯರು ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ಇಳಿಸಲು, ಹೊಸ ಕಂಪೈಲರ್ ಬೇಕು, ಹೊಸ ಕಂಪೈಲರನ್ನು ಕಟ್ಟಲು ಇರುವುದು ಈ ಮುದಿ ಕಂಪೈಲರ್ ಒಂದೇ, ಅಜ್ಜಿಯೇ ಮೊಮ್ಮಗಳನ್ನು ಹೆರಬೇಕು, ಸಿದ್ಧ ಪ್ಯಾಕೇಜು ಕೊಡುವವರು ಈ ಲಿನಕ್ಸನ್ನು ಕೈಬಿಟ್ಟು ವರ್ಷಗಳಾದವು, ಅಂತರ್ಜಾಲದ ಅರ್ಧ ತಾಣಗಳು ಇದರ ಜೊತೆ ಮಾತೇ ಆಡುವುದಿಲ್ಲ, ಮನೆಯ ಲ್ಯಾಪ್‌ಟಾಪಿನಲ್ಲಿ ಮೂಲ ಸಾಲುಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ, ಕೆಡದೆ ಬಂದಿವೆಯೇ ಎಂದು ಒಂದೊಂದು ಕಡತದ ಅರವತ್ತನಾಲ್ಕು ಅಕ್ಷರದ ಗುರುತನ್ನು ಬೆರಳಿಟ್ಟು ಹೋಲಿಸಿದೆ, ಎಲ್ಲವನ್ನೂ ಬೇರೆಯೇ ಒಂದು ಫೋಲ್ಡರಿನೊಳಗೆ ಕಟ್ಟುತ್ತಿದ್ದೇನೆ, ಹಳೆಯದರ ಒಂದು ಕಡತವನ್ನೂ ಅಲ್ಲಾಡಿಸಿಲ್ಲ, ಅಡಿಪಾಯದ ಲೈಬ್ರರಿಗೆ ಕೈ ಹಾಕಿದರೆ ಆಮೇಲೆ ಕಡತಗಳ ಪಟ್ಟಿ ತೋರಿಸು ಎಂದರೂ ಯಂತ್ರ ತೋರಿಸುವುದಿಲ್ಲ — ಇಷ್ಟೆಲ್ಲ ಯಾಕೆ ಆಪಾ, ಅಂದ ಬೆಳಿಗ್ಗೆ ಆಫ್ತಾಬ್, ನನ್ನ ತಮ್ಮ, ಅಬ್ಬಾ ಹೋದ ಮೇಲೆ ಈ ಹಜಾರದ ಯಜಮಾನ, ಸಂಘದವರು ಕೇಳ್ತಿರೋದು ಹತ್ತು ನಿಮಿಷದ ಗ್ರಾಫು, ಗೆರೆ ಕೆಳಗಿನ ಕೆಂಪು ಮುಟ್ಟಬಾರದು, ಕೈಯಲ್ಲಿ ತೆಗೆದ ನೂಲು ಅಷ್ಟು ಸಮ ಬರಲ್ಲ ಅಂತಾವ್ರೆ ಎಲ್ರೂ, ಜುಮ್ಮಾ ನಮಾಜು ಮುಗಿಸ್ಕೊಂಡು ಎರಡು ಗಂಟೆಗೆ ಬತ್ತೀನಿ, ಗ್ರಾಫ್ ತೋರ್ಸಿದ್ರೆ ಬೇಸಿನ್ ಇರ್ತವೆ, ಇಲ್ಲಾಂದ್ರೆ ಆಟೋಮ್ಯಾಟಿಕ್ ಮಿಷನ್‌ನೋರಿಗೆ ಹೂಂ ಅಂತೀನಿ, ಸೋಮವಾರ ಬಂದು ಇವನ್ನೆಲ್ಲ ಕಿತ್ತಾಕ್ತಾರೆ. ಕೆಟ್ಟವನಲ್ಲ ಅವನು, ಹೇಳುವಾಗ ಹೆಂಗಸರ ಕಡೆ ನೋಡಲಿಲ್ಲ, ಆ ಮಿಷನ್ನಿಗೆ ಇಬ್ಬರು ಸಾಕು, ಉಳಿದ ಹನ್ನೆರಡು ಜನ — ಕಣ್ಣಿನ ಕೇಬಲ್ ಮೂರೇ ಮೀಟರು, ಅದು ತಲುಪುವುದು ಏಳನೆಯ ಬೇಸಿನ್ನಿಗೆ ಮಾತ್ರ, ಏಳನೆಯದು ಶಿವಲಿಂಗಮ್ಮನದು, ಹದಿನಾಲ್ಕು ಜನರ ಪರವಾಗಿ ಒಬ್ಬಳ ಎಳೆ.

ನಿಂತಿತು. ಬಿಳಿ ಸಾಲುಗಳು ನಿಂತವು, ಕೊನೆಯಲ್ಲಿ ಮತ್ತೆ ಅದೇ, ಕಂಪೈಲರಿನ ಒಳಗಿನ ದೋಷ, ಹನ್ನೊಂದು ಇಪ್ಪತ್ತಾರು, ಬರೆದುಕೋ, ಕಡತದ ಹೆಸರು ಬರೆದುಕೋ, ಮಂಗಳವಾರ ಬಿದ್ದ ಕಡತ ಬೇರೆ, ಬುಧವಾರದ್ದು ಬೇರೆ, ಮಂಗಳವಾರದ ಕಡತಕ್ಕೆ ಯಾರೋ ಬರೆದಿದ್ದ ತಿದ್ದುಪಡಿ ಹುಡುಕಿ ಹಾಕಿದೆ, ಬುಧವಾರದ್ದಕ್ಕೆ ಇನ್ನೊಂದು, ನಿನ್ನೆ ನಾನೇ ಕೂತು ನಾಲ್ಕು ನೂರು ಸಾಲು ಓದಿದೆ, ದೋಷ ಸಿಗಲಿಲ್ಲ — ಏನವ್ವಾ, ನಿಂತೋಯ್ತಾ, ಅಂದಳು ಶಿವಲಿಂಗಮ್ಮ ಬೇಸಿನ್ನಿಂದ ತಲೆ ಎತ್ತದೆ, ನಂ ಗೂಡು ಬೇಯಕ್ಕೆ ಹತ್ ನಿಮಿಷ, ನಿಂದು ನಾಕ್ ದಿನದಿಂದ ಬೇಯ್ತಾನೇ ಐತಲ್ಲ. ಸುಮ್ಕಿರಕ್ಕ, ಅಂದಳು ಪಕ್ಕದ ಎಂಟನೆಯ ಬೇಸಿನ್ನಿನ ಪುಟ್ಟಿ, ಆಪಾ ಅಳೋ ಹಂಗವ್ರೆ. ಅಳಾದ್ಯಾಕೆ, ಅಂದಳು ಶಿವಲಿಂಗಮ್ಮ, ಎಳೆ ಕಡದ್ರೆ ತುದಿ ಹುಡ್ಕದಪ್ಪ, ನಾವೇನ್ ಅತ್ಕೊಂಡ್ ಕೂತ್ಕತೀವಾ. ನಾನು ಅಳುತ್ತಿಲ್ಲ, ನಾನು ನೋಟ್‌ಬುಕ್ ನೋಡುತ್ತಿದ್ದೇನೆ, ನಾಲ್ಕು ದಿನ, ನಾಲ್ಕು ಸಲ ಬಿದ್ದಿದೆ, ನಾಲ್ಕು ಬೇರೆ ಕಡತಗಳು, ನಾಲ್ಕನ್ನೂ ಒಂದರ ಕೆಳಗೊಂದು ಬರೆದದ್ದು ಇದೇ ಮೊದಲು, ಸಾಲಿನಲ್ಲಿ ದೋಷ ಇದ್ದರೆ ಅದೇ ಸಾಲಿನಲ್ಲಿ ಬೀಳಬೇಕು, ಪ್ರತಿ ಸಲ ಅಲ್ಲೇ ಬೀಳಬೇಕು, ಅದೇ ಪ್ರಯೋಗ, ಅದೇ ಸಾಮಗ್ರಿ, ಫಲಿತಾಂಶ ಮಾತ್ರ ಅಲೆದಾಡುತ್ತಿದೆ ಎಂದರೆ ಏನಮ್ಮ ತಾಹೇರಾ, ಏನು, ಮೊದಲ ವರ್ಷದ ಹುಡುಗಿಯೂ ಹೇಳುತ್ತಾಳೆ, ಉಪಕರಣ ಮೇಡಂ, ಉಪಕರಣವನ್ನು ಅನುಮಾನಿಸಬೇಕು.

ಉಪಕರಣ, ಉಪಕರಣ, ಕುರ್ಚಿ ಹಿಂದಕ್ಕೆ ಬಿತ್ತು, ಮೇಜಿನ ಕೆಳಗೆ ಮಂಡಿಯೂರಿ ಕಂಪ್ಯೂಟರಿನ ಡಬ್ಬದ ಹತ್ತಿರ ಕೈ ಒಡ್ಡಿದರೆ ಒಲೆಯ ಬಾಯಿ, ಪಕ್ಕದ ಮುಚ್ಚಳ ಇಲ್ಲ, ಮುಚ್ಚಳ ಇಲ್ಲ ಯಾಕೆಂದರೆ ಸೋಮವಾರ ಸಂಜೆ ತೆಗೆದವಳು ನಾನೇ, ತಂಪಾಗಿರಲಿ ಎಂದು, ಮುಚ್ಚಳದ ಒಳಗೆ ಅಬ್ಬಾ ಅಂಟಿಸಿದ್ದ ತೆಳು ಬಟ್ಟೆಯ ಜೊತೆಗೇ ತೆಗೆದು ಗೋಡೆಗೆ ಒರಗಿಸಿದ್ದೆ, ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಟ್ಟ ಒಂದೇ ಸಂಗತಿ ಅದು, ಅದು ಪ್ರಯೋಗದ ಹಂತವಲ್ಲ ಅನ್ನಿಸಿತ್ತು — ಹಿಂದಿನಿಂದ ಬಿಸಿನೀರಿನ ವಾಸನೆ, ಶಿವಲಿಂಗಮ್ಮ ತನ್ನ ಬೇಸಿನ್ನನ್ನು ಪುಟ್ಟಿಗೆ ನೋಡಿಕೊಳ್ಳಲು ಹೇಳಿ ಬಂದು ನನ್ನ ಭುಜದ ಮೇಲಿಂದ ಬಗ್ಗಿದಳು, ಅವಳ ಕಣ್ಣಿಗೆ ಬೇಗ ಕಂಡಿತು, ಮಸುಕು ಬೆಳಕಿನಲ್ಲಿ ಗೂಡಿನ ತುದಿ ಹುಡುಕುವ ಕಣ್ಣು, ಅಯ್ಯೋ ನನ್ ಕಂದಾ, ಇದು ನೂಲ್ ತೆಗೀತಾ ಐತೆ ಕಣವ್ವ, ಬೇಸಿನ್ನೂ ಇಲ್ಲ ಬಿಸ್ನೀರೂ ಇಲ್ಲ, ಹದಿನೈದ್ನೇಯವಳು ಇಲ್ ಕೂತವ್ಳೆ. ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್ಪನ್ನು ತಂಪಾಗಿಡುವ ಆ ಪುಟ್ಟ ಫ್ಯಾನಿನ ನಡುವೆ ರೇಷ್ಮೆ, ಬೆಳ್ಳಗೆ, ದುಂಡಗೆ, ಬಿಗಿಯಾಗಿ, ಸಣ್ಣ ನಿಂಬೆಹಣ್ಣಿನಷ್ಟು, ರೆಕ್ಕೆಗಳು ಎಣಿಸುವಷ್ಟು ನಿಧಾನ, ಇಡೀ ಹಜಾರದಲ್ಲಿ ತಿರುಗುವ ಒಂದೇ ಫ್ಯಾನು, ನಾವು ಗಾಳಿಯನ್ನು ಹೊರಗಿಟ್ಟು ಕೂತ ಕೋಣೆಯಲ್ಲಿ ತೇಲುವ ಸಿಕ್ಕು ಎಳೆಗಳೆಲ್ಲ ನಾಲ್ಕು ದಿನದಿಂದ ಅದರ ಬಾಯಿಗೇ ಬಂದಿವೆ, ಅಬ್ಬಾ ಬಟ್ಟೆ ಅಂಟಿಸಿದ್ದು ಇವನ್ನು ತಡೆಯಲೆಂದೇ, ಚಿಪ್ಪು ಕಾದಾಗ ಲೆಕ್ಕ ತಪ್ಪಿದೆ, ಲೆಕ್ಕ ತಪ್ಪಿದ ಕಡೆ ಬಿದ್ದಿದೆ, ಮುದಿ ಕಂಪೈಲರಿನ ತಪ್ಪೇ ಇರಲಿಲ್ಲ, ಅದರ ಮೇಲೆ ಎಷ್ಟು ಸಿಟ್ಟಾಗಿದ್ದೆ — ಅಕ್ಕೋ, ಅಂದಳು ಪುಟ್ಟಿ ಎರಡು ಬೇಸಿನ್ನುಗಳ ನಡುವೆ ಒದ್ದಾಡುತ್ತ, ಆಫ್ತಾಬಣ್ಣ ಅಂದ ಆಟೋಮ್ಯಾಟಿಕ್ ಮಿಷನ್ನು ಅದೇಯಾ. ಹಜಾರವೆಲ್ಲ ನಗು, ನಾನೂ ನಕ್ಕೆ, ನಗುತ್ತ ವಿದ್ಯುತ್ ಕಿತ್ತೆ, ಕತ್ತರಿ ಹುಡುಕಿದೆ, ಕತ್ತರಿ ಯಾಕವ್ವ, ತಗಿ ಕೈನ, ಅಂದು ಶಿವಲಿಂಗಮ್ಮ ಉಗುರಿನಿಂದ ಎರಡು ಸಲ ಸವರಿದಳು, ತುದಿ ಸಿಕ್ಕಿತು, ಎಳೆದಳು, ಎಳೆಯುತ್ತಲೇ ಹೋದಳು, ಫ್ಯಾನು ಹಿಂದುಮುಂದಾಗಿ ತಿರುಗುತ್ತ ಬಿಚ್ಚಿಕೊಂಡಿತು, ಸುತ್ತಿಕೊಂಡದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಚೆಂದಾಗ್ ಸುತ್ತೈತೆ, ಆದ್ರೆ ಎಳೆ ಒಸಿ ದಪ್ಪ, ಇವಳ್ನ ಕೆಲ್ಸಕ್ಕೆ ತಗೋಬ್ಯಾಡಿ.

ಮುಚ್ಚಳ ಹಾಕಿದೆ, ಬಟ್ಟೆಯ ಸಮೇತ, ಸಮಯ ಬರೆದೆ, ಮುಚ್ಚಳ ಹಾಕಿದ್ದನ್ನೂ ಬರೆದೆ, ಹನ್ನೊಂದು ನಲವತ್ತೈದು, ಮತ್ತೆ ಮೊದಲಿನಿಂದ ಐದು ಗಂಟೆ ಎಂದರೆ ಮುಗಿಯಿತು ಕಥೆ, ಆದರೆ ಮೊದಲಿನಿಂದ ಬೇಡ, ಕಟ್ಟುವ ಆಜ್ಞೆಗೆ ಆ ಬುದ್ಧಿ ಇದೆ, ಆಗಿದ್ದನ್ನು ಮತ್ತೆ ಮಾಡುವುದಿಲ್ಲ, ಬಿಟ್ಟಲ್ಲಿಂದ ಹಿಡಿಯುತ್ತದೆ, ಅರ್ಧ ಆಗಿದ್ದ ಆ ಕೊನೆಯ ಕಡತವೊಂದನ್ನು ಅಳಿಸಿದೆ, ಕಾದ ತಲೆಯಲ್ಲಿ ಬರೆದದ್ದನ್ನು ನಂಬಬಾರದು, ಒತ್ತಿದೆ — ಓಡಿತು, ಓಡಿತು, ಈಗ ಸಾಲುಗಳ ವೇಗವೇ ಬೇರೆ, ಫ್ಯಾನಿನ ಸದ್ದು ಇಷ್ಟು ಜೋರೆಂದು ಮರೆತೇ ಹೋಗಿತ್ತು, ಬಿದ್ದ ಕಡತ ದಾಟಿತು, ಅದರ ಮುಂದಿನದು ದಾಟಿತು, ಶುಕ್ರವಾರದ ಅಜಾನ್ ಕೇಳಿಸಿತು, ಸೆರಗು ತಲೆಗೆ ಎಳೆದುಕೊಂಡೆ, ಕಣ್ಣು ಪರದೆಯಿಂದ ತೆಗೆಯಲಿಲ್ಲ, ಕ್ಷಮಿಸಬೇಕು, ಹನ್ನೆರಡೂ ಐವತ್ತಕ್ಕೆ ಹೊಸ ಕಂಪೈಲರ್ ಹುಟ್ಟಿತು, ನಿನ್ನ ಹೆಸರೇನು ಎಂದು ಕೇಳಿದರೆ ಹೊಸ ಆವೃತ್ತಿಯ ಸಂಖ್ಯೆ ಹೇಳಿತು, ಈ ಮುದಿ ಯಂತ್ರದ ಬಾಯಲ್ಲಿ ಆ ಸಂಖ್ಯೆ, ಕೂಗಿಬಿಟ್ಟೆ, ಏನಾಯ್ತವ್ವ ಅಂದಳು ಶಿವಲಿಂಗಮ್ಮ, ಹೆರಿಗೆ ಆಯ್ತು ಅಂದೆ, ಗಂಡೋ ಹೆಣ್ಣೋ, ಹೆಣ್ಣು, ಹಂಗಾದ್ರೆ ನೂಲ್ ತೆಗಿಯಕ್ ಕಲ್ಸು. ಆಮೇಲೆ ಭದ್ರತಾ ಲೈಬ್ರರಿ, ಹದಿಮೂರು ನಿಮಿಷ, ಒಂದೂ ತಕರಾರಿಲ್ಲ, ಆಮೇಲೆ ಪೈಥಾನ್, ಅದಕ್ಕೆ ಹಳೆಯ ಲೈಬ್ರರಿಯನ್ನು ನೋಡಬೇಡ ಹೊಸದನ್ನು ನೋಡು ಎಂದು ದಾರಿಯನ್ನು ಪೂರ್ತಿ ಬರೆದು ಕೊಟ್ಟೆ, ಒಂದೂ ಮೂವತ್ತೈದು, ಪೈಥಾನ್ ಎದ್ದಿತು, ಎರಡೂ ಎರಡೂ ಎಷ್ಟು, ನಾಲ್ಕು, ಜಾಣೆ, ಸಂಘದ ಪ್ರೋಗ್ರಾಮು ಹಾಕಿದೆ, ಡ್ರೈವರಿನ ಹಳೆಯ ಬಾಗಿಲಿಗೆ ಹೊಸ ಪ್ರೋಗ್ರಾಮಿನ ಕೈ ಸೇರಿಸಿದೆ, ಶಿವಲಿಂಗಮ್ಮನ ಎಳೆಯನ್ನು ಕಣ್ಣಿನೊಳಗೆ ಹಾಯಿಸಿದೆ, ಪರದೆ ಖಾಲಿ, ಒಂದು ಉಸಿರು, ಎರಡು ಉಸಿರು, ಎಡ ಅಂಚಿನಲ್ಲಿ ಒಂದು ಹಸಿರು ಚುಕ್ಕಿ.

ಚುಕ್ಕಿ ಗೆರೆಯಾಯಿತು, ನಡುಗುತ್ತ ಬಲಕ್ಕೆ ಹರಿಯಿತು, ಜೀವಂತ ಗೆರೆ, ಬಾಗಿಲಲ್ಲಿ ಟೋಪಿ ತೆಗೆಯದ ಆಫ್ತಾಬ್, ಎರಡಕ್ಕೆ ಐದು ನಿಮಿಷ ಇರುವಾಗಲೇ ಬಂದ, ಬಂದೈತಾ ಆಪಾ, ಬಂದಿದೆ ಕಣೋ ನೋಡು ಅಂದೆ, ಬರೀ ಬಂದ್ರೆ ಸಾಲ್ದು ಅಂದ, ಹತ್ತು ನಿಮಿಷ ನಿಲ್ಬೇಕು, ನಿಂತ, ಇಬ್ಬರೂ ನಿಂತೆವು, ನನ್ನ ಕೆಲಸ ಮುಗಿದಿದೆ, ಇನ್ನು ನಾನು ಏನನ್ನೂ ಕಟ್ಟಲಾರೆ, ಇನ್ನೆಲ್ಲ ಶಿವಲಿಂಗಮ್ಮನ ಕೈಯಲ್ಲಿ, ಎಂಟು ಗೂಡುಗಳ ಎಂಟು ನವಿರು ಸೇರಿ ಒಂದು ಎಳೆ, ಒಂದು ಗೂಡು ಖಾಲಿಯಾಗುತ್ತಿದ್ದಂತೆ ಎಳೆ ತೆಳುವಾಗುತ್ತದೆ, ಗೆರೆ ಬಾಗುತ್ತದೆ, ಎಳೆ ಸುತ್ತುವ ಚಕ್ರ ನಿಲ್ಲಿಸದೆ ಅವಳು ಹೊಸ ಗೂಡಿನ ತುದಿಯನ್ನು ಓಡುವ ಎಳೆಗೆ ತಾಗಿಸುತ್ತಾಳೆ, ಗಂಟಿಲ್ಲ, ಗೂಡಿನ ಅಂಟೇ ಹಿಡಿಯುತ್ತದೆ, ಗೆರೆ ಏಳುತ್ತದೆ, ಮೂರು ನಿಮಿಷ, ಬಾಗಿತು, ಎದ್ದಿತು, ಐದು ನಿಮಿಷ, ಅವಳಿಗೆ ಪರದೆ ಕಾಣಿಸುವುದಿಲ್ಲ, ಪುಟ್ಟಿಯ ಜೊತೆ ಜಗಳ ನಡೆದಿದೆ, ವಿರೂಪಾಕ್ಷಿಪುರದ ಬಸ್ಸು ನಿನ್ನೆ ನಮ್ಮಿಬ್ರುನ್ನೂ ಬುಟ್ಟೋಗಿದ್ದು ನಿನ್ ಕೊಂಡೆ ಮಾತಿಂದ ಕಣಮ್ಮಿ, ನನ್ ಮಾತಿಂದಾನೋ ನಿನ್ ಎಲೆಅಡ್ಕೆಯಿಂದಾನೋ, ಎಂಟು ನಿಮಿಷ, ಒಂಬತ್ತು, ಗೆರೆ ಬಾಗಿತು, ಬಾಗುತ್ತಲೇ ಹೋಯಿತು, ಎರಡು ಗೂಡು ಒಟ್ಟಿಗೆ ಖಾಲಿ, ಕೆಂಪು ಗೆರೆಗೆ ಕೂದಲೆಳೆ ಅಂತರ, ಆಫ್ತಾಬ್ ನನ್ನ ಮಣಿಕಟ್ಟು ಹಿಡಿದ, ಕೂಗಲೇ ಆಪಾ, ಕೂಗಬೇಡ, ಕೂಗಿದರೆ ಕೈ ತಪ್ಪುತ್ತದೆ, ಅವಳು ಪುಟ್ಟಿಯ ಕಡೆ ತಿರುಗಿ ನಗುತ್ತಿದ್ದಾಳೆ, ನೀರಿನ ಕಡೆ ನೋಡುತ್ತಲೂ ಇಲ್ಲ, ಬೆರಳು ಮಾತ್ರ ಹೋಯಿತು, ತನ್ನಷ್ಟಕ್ಕೆ ನೀರಿಗೆ ಹೋಗಿ ತನ್ನಷ್ಟಕ್ಕೆ ಎದ್ದು ಬಂದಿತು, ಒಂದು, ಮತ್ತೆ ಒಂದು, ಗೆರೆ ಎದ್ದಿತು, ಹತ್ತು ನಿಮಿಷ, ಬರ್ಬೇಡಿ ಅಂತ ಹೇಳ್ತೀನಿ ಆಪಾ ಆ ಮಿಷನ್‌ನೋರಿಗೆ, ಸೋಮವಾರ ಬರೋದ್ ಬೇಡ ಅಂತ ಈಗ್ಲೇ, ಇನ್ನೂ ಏನೋ ಅನ್ನುತ್ತಿದ್ದಾನೆ, ಬರೆದುಕೊಳ್ಳಬೇಕು, ಸಮಯ ಬರೆದುಕೊಳ್ಳಬೇಕು, ಪೆನ್ನು ಕೈಯಲ್ಲೇ ಇದೆ, ಗೆರೆ ಮತ್ತೆ ಬಾಗುತ್ತಿದೆ, ಆ ಬೆರಳು, ಬಿಸಿನೀರಿನಲ್ಲಿ ಬೆಂದು ಸುಕ್ಕಾಗಿ ಬೆಳ್ಳಗಾದ ಬೆರಳು, ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ಒಂದು ಎಳೆ, ನೀರು ತೊಟ್ಟಿಕ್ಕುತ್ತಿದೆ, ಗೆರೆ ಏಳುತ್ತಿದೆ, ಬೆರಳು — ಬೆರಳು —