ಹಾಜರಿಯ ಸಹಿ

ಫ್ಯಾಮಿಲಿ ಕೋರ್ಟಿನ ವರಾಂಡದಲ್ಲಿ ಬೆಂಚು ಎರಡೇ. ಕಾಯುವವರು ಎಂಬತ್ತು ಜನ. ಕೇಸಿನ ನಂಬರು ಕೂಗುವುದು ಒಂದೇ ಸಲ. ನೀರು ಕುಡಿಯಲು ಹೋದಾಗ ಕೂಗಿಬಿಟ್ಟರೆ ಮುಗಿಯಿತು, ಗೈರುಹಾಜರಿ. ಅದಕ್ಕೇ ಒಬ್ಬ ಹೆಂಗಸು ಬೆಳಗ್ಗೆಯಿಂದ ಗಂಟಲು ಒಣಗಿಸಿಕೊಂಡು ಬಾಗಿಲಿಗೇ ಕಣ್ಣು ನೆಟ್ಟು ನಿಂತಿದ್ದಳು.

ಬಾಗಿಲು ಮುಚ್ಚಿತ್ತು. ಇಲ್ಲಿ ಅದು ಮುಚ್ಚಿಯೇ ಇರುತ್ತದೆ. ಸಂಸಾರದ ಗುಟ್ಟು ಬೀದಿಗೆ ಬೀಳಬಾರದು, ಮಕ್ಕಳ ಮಾನ ಉಳಿಯಬೇಕು ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಒಳಗೆ ಹೋಗಿ ಬಂದವರಿಗೂ ಒಳಗೇನಾಯಿತೆಂದು ತಿಳಿಯುವುದಿಲ್ಲವಲ್ಲ, ಅದು ಯಾರ ಮಾನ ಉಳಿಸಲಿಕ್ಕೆ?

ನಾನು ವರಾಂಡದ ತುದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್ ಮಾಡುವವಳು. ಹತ್ತೊಂಬತ್ತು ವರ್ಷದಿಂದ ಊರವರ ಗಂಡ-ಹೆಂಡಿರ ಜಗಳ ಟೈಪ್ ಮಾಡುತ್ತಿದ್ದೇನೆ. ಹೆಸರು ನೋಡುವುದಿಲ್ಲ, ತಪ್ಪಕ್ಷರ ಮಾತ್ರ ನೋಡುತ್ತೇನೆ. ಮನಸ್ಸು ಕಲ್ಲಾಗಿದೆ ಎಂದುಕೊಂಡಿದ್ದೆ.

ಅವಳ ನಂಬರು ಕೂಗಿದರು. ಹೋದಳು. ಐದೇ ನಿಮಿಷ, ಹೊರಗೆ ಬಂದಳು.

"ಅಕ್ಕಾ, ಸೈನ್ ಆಯ್ತು. ಮುಂದಿನ ತಾರೀಕು ಎಲ್ಲಿ ಹಾಕ್ತಾರೆ?"

"ಯಾವುದಕ್ಕೆ ಸೈನ್ ಹಾಕ್ದೆ?"

"ಹಾಜರಿಗೆ."

ಅವಳು ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕ್ಕಿಂಗ್ ಕೆಲಸದವಳು. ಅಲ್ಲಿ ಬೆಳಗ್ಗೆ ಗೇಟಿನಲ್ಲಿ ಪುಸ್ತಕಕ್ಕೆ ಸಹಿ ಹಾಕಬೇಕು, ಇಲ್ಲದಿದ್ದರೆ ಅರ್ಧ ದಿನ ಹೋಯಿತು. ಕೋರ್ಟಿನಲ್ಲೂ ಹಿಂದಿನ ಆರು ಸಲ ಬಂದಾಗ ಒಂದು ಹಾಳೆಗೆ ಹಾಜರಿಯ ಸಹಿ ಹಾಕಿಸಿದ್ದರು. ಏಳನೆಯದೂ ಅದೇ ಎಂದುಕೊಂಡಿದ್ದಾಳೆ.

"ಒಂದೇ ಹಾಳೆನಾ?"

"ಎರಡು. ಮೇಲಿಂದು ಮಡಚಿ ಹಿಡ್ಕೊಂಡು, 'ಇಲ್ಲಿ ಹಾಕಮ್ಮ, ಜಡ್ಜ್ ಸಾಹೇಬ್ರು ಕಾಯ್ತಿದಾರೆ' ಅಂದ್ರು ನಮ್ಮ ವಕೀಲ್ರು."

ಎರಡು ಹಾಳೆಯ ಕಾಗದ ಆ ಬೆಳಗ್ಗೆ ನಾನು ಮಾಡಿದ್ದು ಒಂದೇ. ಎರಡೂ ಕಡೆಯ ವಕೀಲರು ನಗುನಗುತ್ತಾ ಬಂದು ಬರೆಸಿದ್ದರು. ಕಂಪ್ಯೂಟರಿನಲ್ಲಿ ತೆಗೆದೆ. ನಂಬರು ಕೇಳಿದೆ. ಅವಳದೇ.

ಅವಳಿಗೆ ಓದಲು ಬರುತ್ತದೆ. ಕೋರ್ಟಿನ ಆ ಮೂರು ಮಾರುದ್ದದ ವಾಕ್ಯ ಓದಲು ಯಾರಿಗೂ ಬರುವುದಿಲ್ಲ. ಬಿಡಿಸಿ ಹೇಳಿದೆ. ಇಷ್ಟು ದಿನ ಅಮ್ಮನ ಜೊತೆಗಿದ್ದ ಮಗಳು ಇನ್ನು ಮುಂದೆ ಅಪ್ಪನ ಮನೆಯಲ್ಲಿ. ಅಮ್ಮ ತಿಂಗಳಿಗೊಂದು ಶನಿವಾರ, ಎರಡು ಗಂಟೆ, ಇದೇ ಕೋರ್ಟಿನ ಮಕ್ಕಳ ಕೋಣೆಯಲ್ಲಿ ನೋಡಬಹುದು. ಇದಕ್ಕೆ ಅಮ್ಮ ಸ್ವಂತ ಇಚ್ಛೆಯಿಂದ ಒಪ್ಪಿದ್ದಾಳೆ.

ಅವಳು ಪರದೆಯ ಮೇಲಿನ ಸಾಲಿಗೆ ಬೆರಳಿಟ್ಟಳು. "ದಿನಾ ಆರುನೂರು ಅಂಗಿ ಒಳಗಡೆ ತಿರುಗಿಸಿ ನೋಡ್ತೀನಿ ಅಕ್ಕಾ. ಒಂದು ಹೊಲಿಗೆ ಬಿಟ್ಟಿದ್ರೂ ಸೈನ್ ಹಾಕಲ್ಲ. ಇದನ್ನ ತಿರುಗಿಸಿ ನೋಡ್ಲಿಲ್ಲವಲ್ಲ ನಾನು!"

ಅವಳ ವಕೀಲ ಅಷ್ಟರಲ್ಲಿ ಹೊರಗೆ ಬಂದ. ಅವಳು ಅಡ್ಡ ನಿಂತಳು.

"ಸಾಹೇಬ್ರು ಒಪ್ಪಿಗೆನಾ ಅಂದಾಗ ತಲೆ ಆಡಿಸಿದ್ಯಲ್ಲಮ್ಮ," ಎಂದ.

"ಆಡಿಸು ಅಂದ್ರಿ, ಆಡಿಸ್ದೆ!"

"ನೋಡು, ಆತನಿಗೆ ಸ್ವಂತ ಮನೆ ಇದೆ. ನೀನು ದಿನಕ್ಕೆ ಹತ್ತು ಗಂಟೆ ಫ್ಯಾಕ್ಟರಿಲಿ ಇರ್ತೀಯ. ಮಗೂಗೆ ಒಳ್ಳೇದೇ ಆಯ್ತು. ಮತ್ತೆ ಇದನ್ನೆಲ್ಲ ಹೊರಗೆ ಮಾತಾಡ್ಬೇಡ. ಈ ಕೋರ್ಟಿನ ವಿಷಯ ಗುಟ್ಟು."

ಗುಟ್ಟಂತೆ! ಕದ್ದವನಿಗೆ ಎಷ್ಟು ಅನುಕೂಲದ ಮಾತು. ನನಗೆ ಮೈ ಉರಿಯಿತು. ಅವನ ಮೇಲೆ ಅರ್ಧ, ನನ್ನ ಬೆರಳುಗಳ ಮೇಲೆ ಅರ್ಧ.

ಮೊದಲ ಶನಿವಾರ ಬಂತು. ಮಕ್ಕಳ ಕೋಣೆಯಲ್ಲಿ ಕಾಲು ಮುರಿದ ಆಟದ ಕುದುರೆ, ಒಂದು ಚಾಪೆ, ಬಾಗಿಲಲ್ಲಿ ಗಡಿಯಾರ ನೋಡುವ ಆಯಾ. ಎಂಟು ವರ್ಷದ ಮಗಳು ಅಮ್ಮನ ಹತ್ತಿರ ಬರಲಿಲ್ಲ. ನಿಂತಲ್ಲೇ ಕೇಳಿದಳಂತೆ, "ನಾನು ಬೇಡ ಅಂತ ನೀನೇ ಬರ್ಕೊಟ್ಯಾ ಅಮ್ಮ?"

ಅಲ್ಲಿಂದ ಆ ತಾಯಿ ನೇರ ನನ್ನ ಮೇಜಿಗೆ ಬಂದಳು. ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕಾ, ಅರ್ಜಿ ಟೈಪ್ ಮಾಡು. ನನಗೆ ಓದಿ ಹೇಳ್ಲಿಲ್ಲ, ನಾನು ಒಪ್ಪಿಲ್ಲ ಅಂತ. ನನ್ನ ಮಾತಲ್ಲೇ ಮಾಡು."

ಮಾಡಿದೆ. ಮೊದಲ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುತ್ತಾ ಮಾಡಿದೆ. ಹಾಳೆಯ ಕೆಳಗೆ, ಟೈಪ್ ಮಾಡಿದವಳು ಎಂದು ನನ್ನ ಸಹಿಯನ್ನೂ ಹಾಕಿದೆ. ವಕೀಲರು ನನ್ನ ಹತ್ತಿರ ಬರುವುದು ಬಿಟ್ಟರು. ಬಿಡಲಿ.

ಅರ್ಜಿ ವಿಚಾರಣೆಯ ದಿನ ಅವಳು ವಕೀಲನಿಲ್ಲದೆ ಒಬ್ಬಳೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ವರಾಂಡದಲ್ಲಿ ಎಂದಿನ ಪಿಸುಪಿಸು. ಇದ್ದಕ್ಕಿದ್ದಂತೆ ಒಳಗಿನಿಂದ ಅವಳ ಧ್ವನಿ.

"ಇದೇನು ಕಾಗದ ಸ್ವಾಮಿ? ಓದಿ ಹೇಳಿ. ಓದದೆ ಸೈನ್ ಹಾಕಲ್ಲ!"

ವರಾಂಡದ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಬೆಂಚಿನ ಮೇಲೊಬ್ಬ ಅಜ್ಜಿ ಕೂತಿದ್ದಳು, ಮೊಮ್ಮಗನ ಕೇಸಿಗೆ ಬಂದವಳು. ಯಾರೋ ವಕೀಲರ ಗುಮಾಸ್ತ ಅವಳ ಹೆಬ್ಬೆರಳಿಗೆ ಶಾಯಿ ಹಚ್ಚುತ್ತಿದ್ದ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ನಂಗೂ ಓದಿ ಹೇಳಪ್ಪ."

"ಅಜ್ಜೀ, ಟೈಮಿಲ್ಲ."

"ನಂಗಿದೆ."

"ನಮಗೂ ಓದಿ," ಎಂದರು ಪಕ್ಕದವರು. ಗೋಡೆಗೊರಗಿದ್ದವರು ಕೈಯಲ್ಲಿದ್ದ ಕಾಗದ ಬಿಡಿಸಿದರು. ನಾನು ಎದ್ದು ಹೋಗಿ ಅಜ್ಜಿಯ ಹಾಳೆ ತೆಗೆದುಕೊಂಡು ಅವಳ ಕಿವಿಗೆ ಬಾಗಿ ಓದತೊಡಗಿದೆ. ಗುಟ್ಟು ಅವಳದು, ಅವಳಿಗಾದರೂ ಗೊತ್ತಾಗಬೇಡವೇ? ಆಚೆ ಇನ್ನೊಬ್ಬಳು ತನ್ನ ತಂಗಿಗೆ ಓದತೊಡಗಿದಳು. ಗುಮಾಸ್ತರು ಓಡಾಡಿದರು, ಗದರಿದರು, ಯಾರೂ ಕೇಳಲಿಲ್ಲ.

ಜವಾನ ಬಾಗಿಲು ತೆರೆದು ಕೂಗಿದ, "ಏನದು ಗಲಾಟೆ?"

ತೆರೆದ ಬಾಗಿಲಲ್ಲಿ ಅವಳು ಕಂಡಳು. ಮಗಳು ಇನ್ನೂ ಅಪ್ಪನ ಮನೆಯಲ್ಲೇ ಇದ್ದಳು. ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಿದ್ದಳು. ಪೆನ್ನು ಮೇಜಿನ ಮೇಲೇ ಇತ್ತು. ಸಾಹೇಬರು ಕಾಯುತ್ತಿದ್ದರು.