ಇಪ್ಪತ್ನಾಲ್ಕು ದಿನ ಮುಂದಿದ್ದ ಗಡಿಯಾರ

ಕೃಷ್ಣಸ್ವಾಮಿಯವರು ನಡೆಯುವಾಗ ಹಿಂದಿರುಗಿ ನೋಡುವುದಿಲ್ಲ. ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಎದುರುಗಾಳಿಗೆ ಮೈಯೊಡ್ಡಿದವರಂತೆ ತುಸು ಮುಂದಕ್ಕೆ ಬಾಗಿ, ಎಪ್ಪತ್ತಾರರ ಈ ವಯಸ್ಸಿನಲ್ಲೂ ಮೂವತ್ತರವರಿಗೆ ಏದುಸಿರು ಬರಿಸುವ ವೇಗದಲ್ಲಿ ಅವರು ಹೊರಟರೆಂದರೆ, ಹಿಂದೆ ಜನ ಬರುತ್ತಿದ್ದಾರೆಯೇ ಇಲ್ಲವೇ ಎಂಬ ಸಂಶಯ ಅವರ ಹತ್ತಿರ ಸುಳಿಯುವುದೂ ಇಲ್ಲ. ಪ್ಲೇನ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳ ಸುತ್ತಿನ ಬೆಳಗಿನ ವಾಕಿಂಗ್ ಆಗಲಿ, ಪ್ರಾಗ್ ನಗರದ ಕಲ್ಲುಹಾಸಿನ ಓಣಿಗಳಾಗಲಿ, ನಡಿಗೆ ಒಂದೇ. "ಬರೋವ್ರು ಬರ್ತಾರೆ, ಗ್ಯಾರಂಟಿ" ಎನ್ನುತ್ತಾರೆ. ಬರುತ್ತಾರೆ ಕೂಡ. ನಾನೂ ಹಾಗೆ ಅವರ ಬೆನ್ನು ನೋಡಿಕೊಂಡು ಪ್ರಾಗ್ ಸುತ್ತಿದವನೇ.

'ಗ್ಯಾರಂಟಿ' ಎಂಬುದು ಅವರ ಮಾತಿನ ಪೂರ್ಣವಿರಾಮ. ನಾಳೆ ಸ್ನೋ ಬೀಳುತ್ತದೆ, ಗ್ಯಾರಂಟಿ. ಈ ಉಪ್ಪಿಟ್ಟಿಗೆ ಇಂಗು ಬಿದ್ದಿಲ್ಲ, ಗ್ಯಾರಂಟಿ. ನಮ್ಮ ಮಹಡಿಯ ಬಾಲುವಿಗೆ ಈ ವರ್ಷ ಗ್ರೀನ್ ಕಾರ್ಡ್ ಬರುತ್ತದೆ, ಗ್ಯಾರಂಟಿ. ಈ ಕೊನೆಯ ಗ್ಯಾರಂಟಿ ಏಳು ವರ್ಷಗಳಿಂದ ತಪ್ಪದೆ ನವೀಕರಣಗೊಳ್ಳುತ್ತಿದೆ. ವೀಸಾದ ತಾಪತ್ರಯದಲ್ಲಿ ದೇಶದ ಗಡಿ ದಾಟಲು ಹೆದರುವ ಬಾಲು ಪಾಪ ಪ್ರಾಗನ್ನು ಕೃಷ್ಣಸ್ವಾಮಿಯವರ ಬಾಯಲ್ಲೇ ನೋಡಿ ತೃಪ್ತಿಪಡುತ್ತಿದ್ದಾನೆ.

ಪ್ರಿನ್ಸ್‌ಟನ್ ಬಳಿಯ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದ ಈ ಮೈಸೂರಿನ ರಸಾಯನಶಾಸ್ತ್ರಜ್ಞರಿಗೆ ಪ್ರಾಗ್ ಹೇಗೆ ಗಂಟುಬಿತ್ತೆಂದರೆ, ಅದಕ್ಕೊಂದು ಸಮ್ಮೇಳನ ಕಾರಣ. ಭಾಷಣಗಳ ನಡುವಿನ ಬಿಡುವಿನಲ್ಲಿ ಹಳೆಯ ಪೇಟೆಯ ಚೌಕಕ್ಕೆ ಹೋದವರು, ಪುರಭವನದ ಗೋಡೆಯಲ್ಲಿ ಆರುನೂರು ವರ್ಷಗಳಿಂದ ತಿರುಗುತ್ತಿರುವ ಖಗೋಳ ಗಡಿಯಾರದ ಮುಂದೆ ನಿಂತುಬಿಟ್ಟರು. ಅದರ ಮುಖದ ಮೇಲೆ ಸೂರ್ಯನಿದ್ದ, ಚಂದ್ರನಿದ್ದ, ಮೇಷ ವೃಷಭಾದಿ ಹನ್ನೆರಡು ರಾಶಿಗಳು ಒಂದೂ ತಪ್ಪದೆ ಸಾಲಾಗಿದ್ದವು. ಯುಗಾದಿಯ ದಿನ ಜಗುಲಿಯಲ್ಲಿ ಕುಳಿತು ಇಡೀ ಬೀದಿಗೆ ಪಂಚಾಂಗ ಓದಿ ಹೇಳುತ್ತಿದ್ದ ತಂದೆಯ ಮಗ ಅವರು. ಸಮ್ಮೇಳನದ ಉಳಿದ ಭಾಷಣಗಳು ಏನಾದವೋ, ಕೃಷ್ಣಸ್ವಾಮಿಯವರು ಮತ್ತೆ ಅತ್ತ ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಪ್ರತಿ ಜೂನ್ ಕೊನೆಯ ವಾರ ಇಪ್ಪತ್ತೈದು ಮೂವತ್ತು ಕನ್ನಡಿಗರನ್ನು ಕಟ್ಟಿಕೊಂಡು ಹೋಗುವುದು ಅವರ ವ್ರತವಾಯಿತು. ಕೋವಿಡ್‌ನ ಎರಡು ವರ್ಷ ಬಿಟ್ಟರೆ ಆ ವ್ರತಕ್ಕೆ ಭಂಗ ಬಂದಿಲ್ಲ. ವೇಷವೂ ಬದಲಾಗಿಲ್ಲ: ಮೈಸೂರಿನ ದರ್ಜಿಯೊಬ್ಬ ಹೊಲಿದ ಕಂದು ಉಣ್ಣೆಯ ಕೋಟು, ಬಿಸಿಲಿರಲಿ ಮಳೆಯಿರಲಿ ಅದೇ. ಒಳಗಡೆ ಒಂದು ಉದ್ದನೆಯ ಜೇಬನ್ನು ಪಂಚಾಂಗದ ಅಳತೆಗೇ ಹೊಲಿಸಿಕೊಂಡಿದ್ದಾರೆ; ಹೊರಗಿನ ಜೇಬಿನಲ್ಲಿ ಚಟ್ನಿಪುಡಿಯ ಪೊಟ್ಟಣ. ತಂಡಕ್ಕೆ ಇರುವುದು ಒಂದೇ ಕಾನೂನು: "ಮೊದಲು ಕಣ್ಣು, ಆಮೇಲೆ ಫೋನು." ನದಿಗೆ ಕಟ್ಟಿದ ಹಳೆಯ ಕಲ್ಲುಸೇತುವೆಯ ಮೇಲಿನ ಮೂವತ್ತು ಸಂತರ ಪ್ರತಿಮೆಗಳನ್ನು ನೋಡಿ ಮುಗಿಸುವವರೆಗೆ ಯಾರೂ ಫೋಟೋ ತೆಗೆಯುವಂತಿಲ್ಲ. ಆ ಸೇತುವೆಗೆ ಅಡಿಗಲ್ಲಿಟ್ಟದ್ದು ೧೩೫೭ನೇ ಇಸವಿ ಒಂಬತ್ತನೆಯ ತಾರೀಖು ಏಳನೆಯ ತಿಂಗಳು ಐದು ಗಂಟೆ ಮೂವತ್ತೊಂದು ನಿಮಿಷಕ್ಕೆ ಎಂದು ಅಲ್ಲಿ ಹೇಳುತ್ತಾರಂತೆ. ಒಂದು ಮೂರು ಐದು ಏಳು ಒಂಬತ್ತು, ಮತ್ತೆ ಏಳು ಐದು ಮೂರು ಒಂದು. ಈ ಅಂಕಿಗಳನ್ನು ಬೆರಳು ಮಡಿಸಿ ಮಡಿಸಿ ಒಪ್ಪಿಸಿ, "ಮುಹೂರ್ತ ಇಡೋದು ನಮಗೊಬ್ಬರಿಗೇ ಗೊತ್ತು ಅನ್ಕೊಂಡಿದ್ರಾ?" ಎಂದು ಅವರು ಕೇಳುವಾಗ, ಆ ಮುಹೂರ್ತವನ್ನು ತಾವೇ ಇಟ್ಟುಕೊಟ್ಟಂತಹ ತೇಜಸ್ಸು ಮುಖದಲ್ಲಿರುತ್ತದೆ. ಅರಮನೆ ಬೆಟ್ಟದ ದೊಡ್ಡ ಚರ್ಚಿನ ಗೋಪುರಕ್ಕೆ ಇನ್ನೂರ ಎಂಬತ್ತೇಳು ಮೆಟ್ಟಿಲು. ಹತ್ತುವವರು ಹತ್ತಿ ಎನ್ನುವ ಮಾತಿಲ್ಲ, ಎಲ್ಲರೂ ಹತ್ತಬೇಕು.

ಆದರೆ ಯಾತ್ರೆಯ ಗರ್ಭಗುಡಿ ಆ ಗಡಿಯಾರವೇ. ಗಂಟೆಗೊಮ್ಮೆ ಅಸ್ಥಿಪಂಜರದ ಬೊಂಬೆ ಹಗ್ಗ ಜಗ್ಗುತ್ತದೆ, ಮೇಲಿನ ಕಿಟಕಿಗಳಲ್ಲಿ ಸಂತರು ಸಾಗಿ ಹೋಗುತ್ತಾರೆ, ನೆರೆದ ಸಾವಿರ ಜನ ಫೋನು ಎತ್ತುತ್ತಾರೆ. ಅದೆಲ್ಲ ಮುಗಿದು ಗುಂಪು ಕರಗಿದ ಮೇಲೆ ಕೃಷ್ಣಸ್ವಾಮಿಯವರ ಅಸಲಿ ಕಾರ್ಯಕ್ರಮ ಶುರು. ಒಳಜೇಬಿನಿಂದ ಪಂಚಾಂಗ ತೆಗೆದು, ಬಲಗೈ ನೀಳವಾಗಿ ಚಾಚಿ ಹೇಳುತ್ತಿದ್ದರು: "ನೋಡಿ, ಗಡಿಯಾರದ ಸೂರ್ಯ ಕರ್ಕಾಟಕದಲ್ಲಿದಾನೆ. ನಮ್ಮ ಪಂಚಾಂಗದಲ್ಲಿ ಇನ್ನೂ ಮಿಥುನ. ಅಂದ್ರೆ ಏನಾಯ್ತು? ಗಡಿಯಾರ ಇಪ್ಪತ್ನಾಲ್ಕು ದಿನ ಮುಂದಿದೆ! ಯಾವ ಕಾಲದಲ್ಲೋ ರಿಪೇರಿ ಮಾಡೋವಾಗ ಕೈತಪ್ಪಿದಾರೆ. ಗ್ಯಾರಂಟಿ." ಇಡೀ ಯುರೋಪ್ ಬಾಯಿ ತೆರೆದು ನೋಡುವ ಯಂತ್ರದ ತಪ್ಪನ್ನು ನಮ್ಮವರೊಬ್ಬರು ಹಿಡಿದರೆಂದರೆ ಯಾರಿಗೆ ಹೆಮ್ಮೆಯಾಗುವುದಿಲ್ಲ! ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅವರು ಪಂಚಾಂಗದ ಪುಟದ ಪ್ರತಿ ಲಗತ್ತಿಸಿ ಆ ಊರಿನ ಕಚೇರಿಯೊಂದಕ್ಕೆ ಕಾಗದವನ್ನೂ ಬರೆದಿದ್ದರು. ೨೦೧೮ರ ಬೇಸಿಗೆಯಲ್ಲಿ ಹೋದಾಗ ಗಡಿಯಾರವನ್ನು ದುರಸ್ತಿಗೆಂದು ಕೆಳಗಿಳಿಸಿದ್ದರು. ತಂಡದವರೆಲ್ಲ ನಿರಾಶರಾದರೆ ಕೃಷ್ಣಸ್ವಾಮಿಯವರೊಬ್ಬರು ಹಿಗ್ಗಿದರು: "ನನ್ನ ಕಾಗದ ಓದಿದಾರೆ ಕಣ್ರೀ!" ಮರುವರ್ಷ ಹೋಗಿ ನೋಡಿದರೆ ಥಳಥಳಿಸುವ ಹೊಸ ಬಣ್ಣದಲ್ಲಿ ಗಡಿಯಾರ ಮತ್ತೆ ಇಪ್ಪತ್ನಾಲ್ಕು ದಿನ ಮುಂದೆಯೇ ಇತ್ತು.

ಈ ವರ್ಷ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ನಮ್ಮ ಕ್ಲಬ್‌ಹೌಸಿನಲ್ಲಿ ಹೊರಡುವವರ ಸಭೆ ಸೇರಿತ್ತು. ಪರದೆಯ ಮೇಲೆ ಗಡಿಯಾರದ ಚಿತ್ರ, ಕೈಯಲ್ಲಿ ಕಾಫಿ. ಇಪ್ಪತ್ನಾಲ್ಕು ದಿನದ ಪ್ರಸಂಗ ಬಂತು, 'ಗ್ಯಾರಂಟಿ'ಯೂ ಬಂತು. ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದ ಧಾರವಾಡದ ವತ್ಸಲಾಬಾಯಿಯವರದು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಗಣಿತ ಕಲಿಸಿದವರು. ಪಕ್ಕದಲ್ಲಿದ್ದ ಮೊಮ್ಮಗ ಅದ್ವೈತ್ ಅವರ ಸೆರಗು ಜಗ್ಗಿ, "ಅಜ್ಜಿ, ಪ್ಲೀಸ್, ಲೆಟ್ ಇಟ್ ಗೋ" ಎಂದು ಪಿಸುಗುಟ್ಟಿದ. ಅಜ್ಜಿ ಎದ್ದು ನಿಂತರು.

"ಗಡಿಯಾರ ಸರಿ ಅದರೀ."

"ನಮ್ಮ ಪಂಚಾಂಗ ತಪ್ಪು ಅಂತೀರಾ?" ಕೃಷ್ಣಸ್ವಾಮಿಯವರು ನಕ್ಕರು.

"ಅದೂ ಸರಿ ಅದ. ಎಣಸೂ ಜಾಗಾ ಬ್ಯಾರೆ. ವಸಂತದಾಗ ಹಗಲು ರಾತ್ರಿ ಸಮಾ ಆಗೂ ದಿನದಿಂದ ರಾಶಿ ಎಣಸೂದು ಅವರ ಪದ್ಧತಿ. ನಾವು ನಕ್ಷತ್ರದಿಂದ ಎಣಸ್ತೀವಿ. ಎರಡರ ನಡುವ ಇಪ್ಪತ್ನಾಲ್ಕು ಡಿಗ್ರಿ ಅಂತರ ಅದ, ಸೂರ್ಯಗ ದಿನಕ್ಕೊಂದು ಡಿಗ್ರಿ. ಒಬ್ಬರು ಗೇಟಿನಿಂದ ಹೆಜ್ಜಿ ಎಣಿಸಿದ್ರು, ಒಬ್ಬರು ಬಾಗಲದಿಂದ ಎಣಿಸಿದ್ರು ಅನ್ರಿ. ಹೆಜ್ಜಿ ಲೆಕ್ಕ ಹೊಂದೂದಿಲ್ಲ. ಹಂಗಂತ ಯಾರೂ ತಪ್ಪು ನಡದಿಲ್ಲ. ಸಾಯನ, ನಿರಯಣ ಅಂತಾರಲ್ರೀ, ಅದ ಇದು."

"ಆರುನೂರು ವರ್ಷದ ಯಂತ್ರ ಅಮ್ಮಾ. ತಪ್ಪಾಗೋಕೆ ಸಾಧ್ಯಾನೇ ಇಲ್ವಾ?"

"ಆಗಬಹುದು. ಆದ್ರ ಇದು ಆಗಿಲ್ಲ."

ಕೃಷ್ಣಸ್ವಾಮಿಯವರು ಪರದೆಯತ್ತ ನೋಡಿದರು, ವತ್ಸಲಾಬಾಯಿಯವರತ್ತ ನೋಡಿದರು, "ಇವತ್ತಿಗೆ ಇಷ್ಟು ಸಾಕು" ಎಂದು ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದರು. ಮಾತಿನ ಕೊನೆಗೆ 'ಗ್ಯಾರಂಟಿ' ಇರಲಿಲ್ಲ.

ಒಂಬತ್ತು ದಿನ ವಾಕಿಂಗಿಗೆ ಬರಲಿಲ್ಲ. ಮುಖಭಂಗವಾಯಿತು, ಈ ಸಲದ ಪ್ರಾಗ್ ಮುಗಿದ ಕಥೆ ಎಂದು ಜನ ಆಡಿಕೊಂಡರು. ಆ ಗಡಿಯಾರದ ಮುಂದೆ ಇನ್ನು ಯಾವ ಮುಖವಿಟ್ಟುಕೊಂಡು ನಿಲ್ಲುತ್ತಾರೆ ಎಂಬ ಸಂಕಟ ನನಗೂ ಇತ್ತು. ಅಲ್ಲಿ ನಿಲ್ಲಲಾಗದಿದ್ದರೆ ಆ ಮನುಷ್ಯ ಮತ್ತೆಲ್ಲಿ ನಿಂತಾರು? ತಡೆಯಲಾರದೆ ಮನೆಗೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿ ಶೈಲಜಾ ದನಿ ತಗ್ಗಿಸಿ ಹೇಳಿದರು: "ಟೇಬಲ್ ತುಂಬ ಪೇಪರ್ ಹರಡ್ಕೊಂಡು ಕೂತಿದಾರೆ. ಊಟಕ್ಕೆ ಕರೆದ್ರೆ 'ಎಷ್ಟು ಡಿಗ್ರಿ' ಅಂತಾರೆ ಕಣ್ರೀ!"

ಒಳಗೆ ಕೃಷ್ಣಸ್ವಾಮಿಯವರು ಮುನಿದು ಕುಳಿತಿರಲಿಲ್ಲ. ವತ್ಸಲಾಬಾಯಿಯವರ ಮಾತನ್ನು ಮೊದಲಿನಿಂದ ಲೆಕ್ಕಹಾಕಿ ನೋಡಿದ್ದರು. ನಡುವೆ ಎರಡು ಸಲ ಅವರ ಮನೆಗೇ ಹೋಗಿ ಪಾಠ ಹೇಳಿಸಿಕೊಂಡು ಬಂದಿದ್ದರು. ಈಗ ಬರೆಯುತ್ತಿದ್ದುದು ಹೆಸರುಗಳ ಪಟ್ಟಿ. ಇಷ್ಟು ವರ್ಷ ತಮ್ಮೊಡನೆ ಪ್ರಾಗಿಗೆ ಬಂದಿದ್ದ ಎಂಬತ್ತೇಳು ಮನೆಗಳವರ ಹೆಸರು.

"ಅಷ್ಟೂ ಮನೆಗೆ ಫೋನ್ ಮಾಡ್ಬೇಕು. ಸುಳ್ಳು ಹೇಳಿ ಕಳಿಸಿದೀನಿ."

"ಯಾರು ಸಾರ್ ಅದನ್ನ ನೆನಪಿಟ್ಕೊಂಡಿರ್ತಾರೆ?"

"ಅವರು ಮರೀಬಹುದು. ಹೇಳಿದವನು ನಾನು."

ಮರುದಿನದಿಂದಲೇ ಫೋನು ಶುರುವಾಯಿತು. ತಪ್ಪೊಪ್ಪಿಗೆಯೆಂದರೆ ತಗ್ಗಿದ ದನಿ, ತಗ್ಗಿದ ತಲೆ ಎಂದು ತಿಳಿದವರು ಆ ಕರೆಗಳನ್ನು ಕೇಳಬೇಕಿತ್ತು. ಅದೇ ಕಂಚಿನ ಕಂಠ, ಅದೇ ಠೀವಿ: "ನಾನು ನಿಮಗೆ ಹೇಳಿದ್ದು ಶುದ್ಧ ತಪ್ಪು, ಗ್ಯಾರಂಟಿ!" ಆದರೆ ಅವರಿಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಬಹುಪಾಲು ಜನರಿಗೆ ಏನೂ ನೆನಪಿರಲಿಲ್ಲ. "ಯಾವ ಗಡಿಯಾರ ಅಂಕಲ್? ಆ ಕೊಳವೆ ಥರದ ಸಿಹಿ ಬ್ರೆಡ್ಡಲ್ಲಿ ಐಸ್‌ಕ್ರೀಮ್ ಹಾಕ್ಕೊಟ್ರಲ್ಲ, ಅದು ಸೂಪರ್ ಆಗಿತ್ತು" ಎಂದ ಹರ್ಷ. "ಆಲ್ ಗುಡ್ ಅಂಕಲ್, ನೋ ವರೀಸ್" ಎಂದ ನಕುಲ್. "ಆಲ್ ಗುಡ್ ಅಲ್ಲ ಅಂತ ಹೇಳೋಕೇ ಕಣೋ ಫೋನ್ ಮಾಡಿರೋದು!" ಎಂದು ಕೃಷ್ಣಸ್ವಾಮಿಯವರು ರೇಗಿದರು. ಆದರೂ ಬಿಡಲಿಲ್ಲ, ಒಂದೊಂದೇ ಹೆಸರು ಹೊಡೆದುಹಾಕುತ್ತ ಹೋದರು. ಸಭೆಯಲ್ಲೇ ಇದ್ದವನಾದರೂ ಪಟ್ಟಿಯ ಪ್ರಕಾರ ನನ್ನ ಸರದಿಯೂ ಬಂತು. "ಹೌದಾ ಸಾರ್?" ಎಂದು ನಾನು ಆಗಷ್ಟೇ ಕೇಳಿದವನಂತೆ ಆಶ್ಚರ್ಯ ತೋರಿಸಿದೆ.

ಕೊನೆಗುಳಿದದ್ದು ಬಸವಲಿಂಗಪ್ಪನವರ ಹೆಸರು. ಇಲ್ಲಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದ, ಕೃಷ್ಣಸ್ವಾಮಿಯವರನ್ನು ಏಕವಚನದಲ್ಲಿ ಕರೆಯುತ್ತಿದ್ದ ಏಕೈಕ ಗೆಳೆಯ. ಗಡಿಯಾರಕ್ಕೆ ಹೊಸ ಬಣ್ಣ ಬಂದ ವರ್ಷ ಹೆಂಡತಿಯೊಡನೆ ಪ್ರಾಗಿಗೆ ಬಂದಿದ್ದರು; ತೀರಿಕೊಂಡು ಮೂರು ವರ್ಷ. "ಇಲ್ಲದವರಿಗೆ ಏನು ತಿದ್ದಿ ಹೇಳ್ತೀರಿ, ಬಿಡಿ" ಎಂದರು ಶೈಲಜಾ. ಬಿಡುವ ಆಸಾಮಿಯಲ್ಲ. ಇದು ಫೋನಿನಲ್ಲಿ ಹೇಳುವಂಥದ್ದಲ್ಲವೆಂದು ಕೋಟು ತೊಟ್ಟು, ನನ್ನನ್ನೂ ಎಬ್ಬಿಸಿಕೊಂಡು, ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ರೈಲು ಹತ್ತಿ, ಸೀಕಾಕಸ್‌ನಲ್ಲಿರುವ ಅವರ ಮನೆಗೆ ಹೋದರು.

ಬಸವಲಿಂಗಪ್ಪನವರ ಹೆಂಡತಿ ಗಿರಿಜಾ ಚಹಾ ಕೊಟ್ಟು ಎದುರಿಗೆ ಕುಳಿತರು. ಕೃಷ್ಣಸ್ವಾಮಿಯವರು ಗೇಟು ಬಾಗಿಲುಗಳ ಉದಾಹರಣೆ ಸಮೇತ, ವತ್ಸಲಾಬಾಯಿಯವರ ಹೆಸರು ಹೇಳಿ, ಎಲ್ಲವನ್ನೂ ವಿವರಿಸಿದರು. ಆಕೆ ಸಾವಧಾನವಾಗಿ ಕೇಳಿ, ಸ್ವಲ್ಪ ನಕ್ಕರು.

"ನಮ್ಮನೆಯವ್ರು ಅವತ್ತು ಅಲ್ಲೇ ನನ್ನ ಕಿವೀಲಿ ಹೇಳಿದ್ರು. 'ಕೃಷ್ಣಸ್ವಾಮಿ ತಪ್ಪು ಹೇಳ್ತಿದಾನೆ ಕಣೇ, ಎರಡು ಲೆಕ್ಕಾನೂ ಬೇರೆ ಬೇರೆ' ಅಂತ."

ಕೃಷ್ಣಸ್ವಾಮಿಯವರು ಬಟ್ಟಲು ಕೆಳಗಿಟ್ಟರು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ ಅವನು?"

"'ಎಷ್ಟು ಖುಷಿಯಾಗಿದಾನೆ ನೋಡು. ಹೇಳಿದ್ರೆ ತಡ್ಕೊಳಲ್ಲ, ಸುಮ್ನಿರು' ಅಂದ್ರು."

ಕೃಷ್ಣಸ್ವಾಮಿಯವರ ಕಣ್ಣು ತುಂಬಿತ್ತು. ಆಮೇಲೆ ಗೋಡೆಯ ಮೇಲಿನ ಗೆಳೆಯನ ಫೋಟೋದತ್ತ ತಿರುಗಿ, "ಇಷ್ಟೇನೇನೋ ನೀನು ನನ್ನ ತಿಳ್ಕೊಂಡಿದ್ದು?" ಎಂದರು.

ಸೀಕಾಕಸ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ, ಮ್ಯಾನ್‌ಹಟನ್‌ನಿಂದ ಮರಳುವವರ ನೂಕುನುಗ್ಗಲಿನ ನಡುವೆ, ನನಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ನನಗೂ ಗೊತ್ತಿತ್ತು. ಪ್ರಾಗಿಂದ ಬಂದ ವಾರವೇ ಫೋನಲ್ಲಿ ಹುಡುಕಿ ನೋಡಿದ್ದೆ" ಎಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಕ್ಕಪಕ್ಕದವರೆಲ್ಲ ತಿರುಗುವಷ್ಟು ದೊಡ್ಡ ದನಿಯಲ್ಲಿ ಹೇಳಿದರು: "ಈ ಜೂನ್‌ಗೆ ನೀವೂ ಬರ್ತೀರಿ. ಗಡಿಯಾರದ ಮುಂದೆ ನನ್ನ ಪಕ್ಕದಲ್ಲೇ ನಿಲ್ತೀರಿ. ನಾನೇನಾದ್ರೂ ತಪ್ಪು ಹೇಳಿದ್ರೆ ಅಲ್ಲೇ, ಎಲ್ಲರೆದುರಿಗೆ, ಜೋರಾಗಿ ಹೇಳ್ಬೇಕು."

ಗಟ್ಟಿಯಾಗಿ ಮಾತಾಡುವ ಜನ ನಮ್ಮ ನಡುವೆ ಯಾವತ್ತೂ ಇದ್ದಾರೆ: ದಾರಿ ಗೊತ್ತೆಂದು ಮುಂದೆ ನಡೆಯುವವರು, ಆಕಾಶದ ಲೆಕ್ಕವನ್ನೂ ಬೆರಳ ತುದಿಯಲ್ಲಿ ಹೇಳಿಬಿಡುವವರು. ಅವರ ಬೆನ್ನು ಹಿಡಿದು ನಾವು ಊರೂರು ಸುತ್ತುತ್ತೇವೆ, ಅವರು ತಪ್ಪಿದಾಗ ಕಂಡೂ ಕಾಣದಂತಿರುತ್ತೇವೆ, ಆ ಮೌನಕ್ಕೆ ಪ್ರೀತಿಯೆಂದೂ ಗೌರವವೆಂದೂ ಹೆಸರಿಡುತ್ತೇವೆ. ಪಾಪ, ತಡೆದುಕೊಳ್ಳಲಾರರು ಎಂದು ನಮ್ಮನಮ್ಮಲ್ಲೇ ಕನಿಕರಿಸುತ್ತೇವೆ. ತಡೆದುಕೊಳ್ಳುವ ಶಕ್ತಿ ಅವರಲ್ಲಿ ಬೇಕಾದಷ್ಟಿರುತ್ತದೆ. ಹೇಳುವ ಧೈರ್ಯ ನಮ್ಮಲ್ಲಿರುವುದಿಲ್ಲ.